ಗೆರೆಯೊಳಗಿನ ಹೈಸ್ಕೂಲು

ಬೆಂಗಳೂರಿನಿಂದ ಕೆಲಸದ ಮೇಲೆ ಕ್ಯಾಲಿಫೋರ್ನಿಯಾದ ಬೇ ಏರಿಯಾಗೆ ಹೋಗುವ ನಮ್ಮವರು, ಓದುವ ಮಕ್ಕಳಿದ್ದರೆ, ಬಾಡಿಗೆ ಎಷ್ಟು ಅಂತ ಕೇಳುವ ಮೊದಲೇ ಇನ್ನೊಂದು ಪ್ರಶ್ನೆ ಕೇಳುತ್ತಾರೆ. "ಈ ಮನೆಗೆ ಯಾವ ಸ್ಕೂಲು ಬರುತ್ತೆ?" ಮೊದಲ ಸಲ ಕಿವಿಗೆ ಬಿದ್ದಾಗ ಇದು ವಿಚಿತ್ರ ಅನ್ನಿಸುತ್ತದೆ. ಮನೆಗೆ ನೀರು ಬರುತ್ತದೆ, ಕರೆಂಟು ಬರುತ್ತದೆ, ಸರಿ. ಸ್ಕೂಲು ಬರುವುದು ಅಂದರೇನು?

ಅಲ್ಲಿ ನಿಜಕ್ಕೂ ಹಾಗೇ. ಮನೆಯ ವಿಳಾಸವೇ ಸ್ಕೂಲನ್ನು ಗೊತ್ತು ಮಾಡುತ್ತದೆ. ಆ ಸ್ಕೂಲಿನ ಆಟದ ತಂಡ, ಅದರ ಪತ್ರಿಕೆ, ಅಲ್ಲಿ ಓದಿ ಹೆಸರು ಮಾಡಿದವರ ಪಟ್ಟಿ, ಎಲ್ಲದರ ಹಿಂದೆ ಊರಿನ ನಕ್ಷೆಯ ಮೇಲೆ ಎಳೆದ ಒಂದು ಗೆರೆ ಇದೆ. ಈ ಗೆರೆ ಅರ್ಥವಾದರೆ ಅಮೆರಿಕದ ಉಪನಗರದ ಹೈಸ್ಕೂಲು ಅರ್ಥವಾಗುತ್ತದೆ. ಅದನ್ನು ಒಂದೇ ಸ್ಕೂಲನ್ನು ಇಟ್ಟುಕೊಂಡು ನೋಡೋಣ. ಪ್ಯಾಲೊ ಆಲ್ಟೊ ಹೈಸ್ಕೂಲು. ಊರಿನವರ ಬಾಯಲ್ಲಿ ಬರೀ "ಪ್ಯಾಲಿ".

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳಬೇಕು. ನಮ್ಮಲ್ಲಿ ಬೋರ್ಡಿನ ಮೇಲೆ "ಪಬ್ಲಿಕ್ ಸ್ಕೂಲ್" ಅಂತ ಇದ್ದರೆ ಅದು ಬಹುಪಾಲು ಖಾಸಗಿ ಶಾಲೆ, ಫೀಸೂ ಜಾಸ್ತಿ. ಅಮೆರಿಕದಲ್ಲಿ ಪಬ್ಲಿಕ್ ಸ್ಕೂಲ್ ಅಂದರೆ ತೆರಿಗೆ ದುಡ್ಡಿನಲ್ಲಿ ನಡೆಯುವ ಶಾಲೆ. ಫೀಸಿಲ್ಲ, ಡೊನೇಷನ್ ಕೊಟ್ಟು ಸೀಟು ತಗೊಳ್ಳುವ ಮಾತಿಲ್ಲ, ಸಾಮಾನ್ಯವಾಗಿ ಪ್ರವೇಶ ಪರೀಕ್ಷೆಯೂ ಇಲ್ಲ. ಹೈಸ್ಕೂಲು ಅಂದರೆ 9ರಿಂದ 12ನೇ ತರಗತಿ. ನಮ್ಮ ಲೆಕ್ಕದಲ್ಲಿ ಹೈಸ್ಕೂಲಿನ ಕೊನೆಯ ಎರಡು ವರ್ಷ ಮತ್ತು ಪಿಯುಸಿಯ ಎರಡು ವರ್ಷ, ಒಂದೇ ಆವರಣದಲ್ಲಿ.

ಪ್ಯಾಲೊ ಆಲ್ಟೊ ಸ್ಯಾನ್ ಫ್ರಾನ್ಸಿಸ್ಕೋದಿಂದ ದಕ್ಷಿಣಕ್ಕೆ ಸುಮಾರು 55 ಕಿಲೋಮೀಟರ್. ಸ್ಪ್ಯಾನಿಷ್‌ನಲ್ಲಿ "ಎತ್ತರದ ಮರ" ಅಂತ ಅರ್ಥ. ಊರಿಗೆ ಹೆಸರು ಕೊಟ್ಟ ಆ ರೆಡ್‌ವುಡ್ ಮರ ಸಾವಿರ ವರ್ಷ ದಾಟಿ ಇವತ್ತಿಗೂ ರೈಲು ಹಳಿಯ ಪಕ್ಕ ನಿಂತಿದೆ. ಹೈಸ್ಕೂಲು ಶುರುವಾದದ್ದು 1890ರ ದಶಕದಲ್ಲಿ. ಈಗಿನ ಜಾಗಕ್ಕೆ ಬಂದದ್ದು 1918ರಲ್ಲಿ. ಎಲ್ ಕಮೀನೊ ರಿಯಲ್ ಅನ್ನುವ ದೊಡ್ಡ ರಸ್ತೆ ದಾಟಿದರೆ ಎದುರಿಗೇ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ. ಈ ರಸ್ತೆಯನ್ನು ನೆನಪಿನಲ್ಲಿಡಿ, ಮುಂದೆ ಬರುತ್ತದೆ. ಸುಮಾರು 2,000 ಮಕ್ಕಳು ಓದುತ್ತಾರೆ. ತಂಡಗಳ ಹೆಸರು ವೈಕಿಂಗ್ಸ್, ಬಣ್ಣ ಹಸಿರು ಮತ್ತು ಬಿಳಿ.

ಈಗ ಗೆರೆಯ ವಿಷಯ.

ಅಮೆರಿಕದಲ್ಲಿ ಶಾಲೆಗಳನ್ನು ನಡೆಸುವುದು ದೆಹಲಿಯಂಥ ರಾಜಧಾನಿಯಿಂದ ಅಲ್ಲ. ರಾಜ್ಯ ಸರ್ಕಾರ ಕಾನೂನು ಮಾಡುತ್ತದೆ, ಆದರೆ ದಿನನಿತ್ಯದ ಆಡಳಿತ "ಸ್ಕೂಲ್ ಡಿಸ್ಟ್ರಿಕ್ಟ್" ಕೈಯಲ್ಲಿರುತ್ತದೆ. ಹೆಸರು ಡಿಸ್ಟ್ರಿಕ್ಟ್ ಆದರೂ ಇದು ನಮ್ಮ ಜಿಲ್ಲೆಯಂತಲ್ಲ. ಶಾಲೆ ನಡೆಸುವುದಕ್ಕೇ ಇರುವ ಪುಟ್ಟ ಸ್ಥಳೀಯ ಸಂಸ್ಥೆ ಅದು. ಗ್ರಾಮ ಪಂಚಾಯಿತಿಗೆ ಶಾಲೆ ಒಂದೇ ಕೆಲಸ ಕೊಟ್ಟು, ತೆರಿಗೆಯ ಪಾಲನ್ನೂ ಕೊಟ್ಟರೆ ಹೇಗಿರುತ್ತದೋ ಹಾಗೆ. ಊರಿನವರು ವೋಟು ಹಾಕಿ ಅದರ ಮಂಡಳಿಯನ್ನು ಆರಿಸುತ್ತಾರೆ. ಪ್ಯಾಲೊ ಆಲ್ಟೊ ಡಿಸ್ಟ್ರಿಕ್ಟಿನಲ್ಲಿ ಎರಡು ದೊಡ್ಡ ಹೈಸ್ಕೂಲುಗಳಿವೆ. ಒಂದು ಪ್ಯಾಲಿ, ಇನ್ನೊಂದು 1964ರಲ್ಲಿ ತೆರೆದ ಗನ್ ಹೈಸ್ಕೂಲು. ಕಬರ್ಲಿ ಅಂತ ಮೂರನೆಯದೊಂದಿತ್ತು, ಮಕ್ಕಳ ಸಂಖ್ಯೆ ಇಳಿದಾಗ 1979ರಲ್ಲಿ ಅದನ್ನು ಮುಚ್ಚಿದರು. ಊರಿನ ಯಾವ ಬೀದಿ ಪ್ಯಾಲಿಗೆ, ಯಾವ ಬೀದಿ ಗನ್‌ಗೆ ಅಂತ ಡಿಸ್ಟ್ರಿಕ್ಟ್ ಗೆರೆ ಎಳೆದಿರುತ್ತದೆ.

ಈ ಗೆರೆ ಎಷ್ಟು ಗಟ್ಟಿ ಅನ್ನುವುದಕ್ಕೆ ಒಂದು ಉದಾಹರಣೆ ಸಾಕು. ಪ್ಯಾಲಿಯಲ್ಲಿ 1984ರಿಂದ ಪತ್ರಿಕೋದ್ಯಮ ಕಲಿಸಿದ ಎಸ್ತರ್ ವೊಜ್‌ಸ್ಕಿ ಆ ಸ್ಕೂಲಿನ ಅತಿ ಹೆಸರುವಾಸಿ ಟೀಚರು. ಅವರ ಮಗಳು ಸೂಸನ್ ಮುಂದೆ ಯೂಟ್ಯೂಬಿನ ಮುಖ್ಯಸ್ಥೆಯಾದರು. ಇನ್ನೊಬ್ಬ ಮಗಳು ಆ್ಯನ್ ಜೀನ್ ಪರೀಕ್ಷೆಯ ಕಂಪನಿ ಕಟ್ಟಿದರು. ಅಮ್ಮ ಹೆಸರು ಮಾಡಿದ್ದು ಪ್ಯಾಲಿಯಲ್ಲಿ, ಈ ಇಬ್ಬರೂ ಓದಿದ್ದು ಮಾತ್ರ ಗನ್‌ನಲ್ಲಿ. ಅವರ ಮನೆ ಸ್ಟ್ಯಾನ್‌ಫರ್ಡ್ ಕ್ಯಾಂಪಸ್ಸಿನಲ್ಲಿತ್ತು, ಗೆರೆ ಅದನ್ನು ಗನ್ ಕಡೆಗೆ ಹಾಕಿತ್ತು.

ಹಾಗಾದರೆ ದುಡ್ಡು ಎಲ್ಲಿಂದ? ಇಲ್ಲೇ ವಿಷಯ ಜಟಿಲವಾಗುವುದು, ಸ್ವಲ್ಪ ನಿಧಾನವಾಗಿ ಹೋಗೋಣ. ಹಿಂದೆ ಕ್ಯಾಲಿಫೋರ್ನಿಯಾದಲ್ಲಿ ಶಾಲೆಯ ಖರ್ಚಿನ ದೊಡ್ಡ ಪಾಲು ಆಯಾ ಊರಿನ ಮನೆ ತೆರಿಗೆಯಿಂದ ಬರುತ್ತಿತ್ತು. ದುಬಾರಿ ಮನೆಗಳಿರುವ ಊರಿನ ಶಾಲೆಗೆ ಜಾಸ್ತಿ ದುಡ್ಡು, ಬಡ ಊರಿನ ಶಾಲೆಗೆ ಕಡಿಮೆ. 1968-69ರಲ್ಲಿ ಲಾಸ್ ಏಂಜಲಿಸ್ ಬಳಿಯ ಬಾಲ್ಡ್‌ವಿನ್ ಪಾರ್ಕ್ ಒಂದು ಮಗುವಿಗೆ ವರ್ಷಕ್ಕೆ ಸುಮಾರು 577 ಡಾಲರ್ ಖರ್ಚು ಮಾಡಿದರೆ, ಸಿನಿಮಾ ತಾರೆಯರ ಊರಾದ ಬೆವರ್ಲಿ ಹಿಲ್ಸ್ ಸುಮಾರು 1,232 ಡಾಲರ್ ಖರ್ಚು ಮಾಡುತ್ತಿತ್ತು. ಎರಡಕ್ಕಿಂತ ಜಾಸ್ತಿ ಪಟ್ಟು! ಅದರಲ್ಲೂ ಬಡ ಊರಿನವರೇ ಹೆಚ್ಚಿನ ದರದಲ್ಲಿ ತೆರಿಗೆ ಕಟ್ಟುತ್ತಿದ್ದರು. ಸೆರಾನೊ ಮೊಕದ್ದಮೆಯಲ್ಲಿ ರಾಜ್ಯದ ಸುಪ್ರೀಂ ಕೋರ್ಟು 1971ರಲ್ಲಿ ಇದನ್ನು ತಪ್ಪು ಅಂದಿತು.

ಆಮೇಲೆ 1978ರಲ್ಲಿ ಜನಮತದ ಮೂಲಕ "ಪ್ರಾಪ್ 13" ಬಂತು. ಮನೆ ತೆರಿಗೆಯ ಮೂಲ ದರ ಬೆಲೆಯ ಶೇಕಡಾ 1ನ್ನು ಮೀರಬಾರದು, ಮನೆ ಕೈ ಬದಲಾಗುವವರೆಗೆ ಆ ಲೆಕ್ಕದ ಬೆಲೆ ವರ್ಷಕ್ಕೆ ಶೇಕಡಾ 2ಕ್ಕಿಂತ ಜಾಸ್ತಿ ಏರಬಾರದು ಅನ್ನುವ ನಿಯಮ ಅದು. ಇದರಿಂದ ಶಾಲೆಗಳ ಸ್ಥಳೀಯ ಆದಾಯ ಕುಸಿಯಿತು, ರಾಜ್ಯ ಸರ್ಕಾರ ಹಣ ತುಂಬಿಕೊಡಬೇಕಾಯಿತು. ಈಗ ಪ್ರತಿ ಡಿಸ್ಟ್ರಿಕ್ಟಿಗೂ ಇಷ್ಟು ಸಿಗಬೇಕು ಅಂತ ರಾಜ್ಯ ಒಂದು ಲೆಕ್ಕ ಹಾಕುತ್ತದೆ. ಊರಿನ ತೆರಿಗೆ ಅದಕ್ಕೆ ಸಾಲದಿದ್ದರೆ ಉಳಿದದ್ದನ್ನು ಕೊಡುತ್ತದೆ.

ಊರಿನ ತೆರಿಗೆಯೇ ಆ ಲೆಕ್ಕಕ್ಕಿಂತ ಜಾಸ್ತಿ ಇದ್ದರೆ? ಮಿಕ್ಕಿದ್ದನ್ನು ಡಿಸ್ಟ್ರಿಕ್ಟೇ ಇಟ್ಟುಕೊಳ್ಳಬಹುದು. ಇಂಥವನ್ನು "ಬೇಸಿಕ್ ಏಡ್" ಡಿಸ್ಟ್ರಿಕ್ಟ್ ಅನ್ನುತ್ತಾರೆ. ಪ್ಯಾಲೊ ಆಲ್ಟೊ ಅಂಥದ್ದೊಂದು. ಅಲ್ಲಿ ಸಾಧಾರಣ ಮನೆಯ ಬೆಲೆ 30 ಲಕ್ಷ ಡಾಲರ್ ದಾಟುತ್ತದೆ, ತೆರಿಗೆ ಎಷ್ಟು ಬರಬಹುದು ನೀವೇ ಊಹಿಸಿ. ಇದರ ಮೇಲೆ ತಂದೆ ತಾಯಂದಿರು ಒಂದು ಪ್ರತಿಷ್ಠಾನದ ಮೂಲಕ ದೇಣಿಗೆ ಕೊಡುತ್ತಾರೆ. ಕಟ್ಟಡಗಳಿಗೆ ಬೇರೆ ದಾರಿ. ಡಿಸ್ಟ್ರಿಕ್ಟು ಸಾಲಪತ್ರ ಹೊರಡಿಸಲು ಊರಿನವರ ಒಪ್ಪಿಗೆ ಕೇಳುತ್ತದೆ, ಶೇಕಡಾ 55 ವೋಟು ಬಂದರೆ ಸಾಕು. 2008ರಲ್ಲಿ ಹೀಗೆ 37.8 ಕೋಟಿ ಡಾಲರಿಗೆ ಪ್ಯಾಲೊ ಆಲ್ಟೊ ಜನ ಹೂಂ ಅಂದರು. ಆ ಸಾಲವನ್ನು ತೀರಿಸುವುದೂ ಅವರ ಮನೆ ತೆರಿಗೆಯೇ.

ಅಂದರೆ ಸ್ಕೂಲು ಚೆನ್ನಾಗಿದೆ ಅಂತ ಜನ ಜಾಸ್ತಿ ಬೆಲೆಗೆ ಮನೆ ಕೊಳ್ಳುತ್ತಾರೆ. ಬೆಲೆ ಏರಿದ್ದಕ್ಕೆ ತೆರಿಗೆ ಜಾಸ್ತಿ ಬರುತ್ತದೆ. ತೆರಿಗೆ ಬಂದದ್ದಕ್ಕೆ ಸ್ಕೂಲು ಇನ್ನಷ್ಟು ಚೆನ್ನಾಗುತ್ತದೆ. ಫೀಸಿಲ್ಲ ಅನ್ನುವುದು ನಿಜ. ಆದರೆ ಆ ಫೀಸು ಮನೆಯ ಬೆಲೆಯೊಳಗೆ ಸೇರಿಕೊಂಡಿದೆ.

ಗೆರೆಯ ಆಚೆ ಏನಿದೆ ನೋಡಬೇಕಲ್ವಾ? 101ನೇ ಹೆದ್ದಾರಿ ದಾಟಿದರೆ ಈಸ್ಟ್ ಪ್ಯಾಲೊ ಆಲ್ಟೊ. ಹೆಸರು ಕೇಳಿದರೆ ಅದೇ ಊರಿನ ಪೂರ್ವ ಭಾಗ ಅನ್ನಿಸುತ್ತದೆ, ಅಲ್ಲ. ಅದು ಬೇರೆ ಊರು, ಬೇರೆ ಕೌಂಟಿ, ಬೇರೆ ಸ್ಕೂಲ್ ಡಿಸ್ಟ್ರಿಕ್ಟ್. ಬಿಳಿಯರ ಬಡಾವಣೆಗಳಲ್ಲಿ ಮನೆ ಸಿಗದ ಕರಿಯ ಕುಟುಂಬಗಳು 1950 ಮತ್ತು 60ರ ದಶಕದಲ್ಲಿ ಅಲ್ಲಿ ನೆಲೆಸಿದವು. ಅಲ್ಲಿ 1958ರಲ್ಲಿ ರೇವನ್ಸ್‌ವುಡ್ ಹೈಸ್ಕೂಲು ತೆರೆಯಿತು, 1976ರಲ್ಲಿ ಮುಚ್ಚಿತು. ಆಮೇಲೆ ಆ ಊರಿನ ಮಕ್ಕಳು ಬೇರೆ ಊರುಗಳ ಹೈಸ್ಕೂಲುಗಳಿಗೆ ಬಸ್ಸು ಹತ್ತಬೇಕಾಯಿತು. ಅದೇ 1976ರಲ್ಲಿ ಪೋಷಕರು ಕೋರ್ಟಿಗೆ ಹೋದರು. ಒಂದು ಹೆದ್ದಾರಿಯ ಅಂತರದಲ್ಲಿ ಮಕ್ಕಳನ್ನು ಬಣ್ಣದ ಪ್ರಕಾರ ಬೇರೆ ಮಾಡಿದಂತಾಗಿದೆ ಅನ್ನುವುದು ಅವರ ವಾದ. ಹತ್ತು ವರ್ಷ ನಡೆದು, 1986ರಲ್ಲಿ ರಾಜಿಯಾಯಿತು. ಮೊದಲ ಹೆಸರಿನ ಅರ್ಜಿದಾರರಿಂದ ಅದಕ್ಕೆ "ಟಿನ್ಸ್‌ಲಿ" ಕಾರ್ಯಕ್ರಮ ಅಂತ ಹೆಸರು ಬಂತು. ಈಸ್ಟ್ ಪ್ಯಾಲೊ ಆಲ್ಟೊ ಸೇರುವ ರೇವನ್ಸ್‌ವುಡ್ ಡಿಸ್ಟ್ರಿಕ್ಟಿನ ಪುಟ್ಟ ಮಕ್ಕಳಲ್ಲಿ ಕೆಲವರನ್ನು ಲಾಟರಿ ಎತ್ತಿ ಸುತ್ತಲಿನ ಶ್ರೀಮಂತ ಡಿಸ್ಟ್ರಿಕ್ಟುಗಳು ಸೇರಿಸಿಕೊಳ್ಳಬೇಕು. ಪ್ಯಾಲೊ ಆಲ್ಟೊ ಪಾಲಿಗೆ ವರ್ಷಕ್ಕೆ 60 ಮಕ್ಕಳು. ಒಮ್ಮೆ ಸೇರಿದರೆ ಹೈಸ್ಕೂಲು ಮುಗಿಯುವವರೆಗೆ ಅಲ್ಲೇ ಓದಬಹುದು.

60 ಸೀಟು ಏನೇನೂ ಅಲ್ಲ. ಒಂದು ಹೆದ್ದಾರಿ ಮಕ್ಕಳ ಹಣೆಬರಹ ಬರೆಯುವುದು ಸರಿಯಲ್ಲ ಅಂತ ನನಗೆ ಅನ್ನಿಸುತ್ತದೆ. ಹಾಗಂತ ಆ 60 ಮಕ್ಕಳ ಮನೆಗಳಲ್ಲಿ ಅದು ಸಣ್ಣ ವಿಷಯವಲ್ಲ.

ಇನ್ನು ಆಟ. ನಮ್ಮ ಕಡೆ ಮಗುವಿಗೆ ಕ್ರಿಕೆಟ್ಟಿನಲ್ಲಿ ಆಸಕ್ತಿ ಇದ್ದರೆ ಕೋಚಿಂಗ್ ಕ್ಯಾಂಪಿಗೋ ಕ್ಲಬ್ಬಿಗೋ ಸೇರಿಸುತ್ತೇವೆ. ಅಮೆರಿಕದಲ್ಲೂ ಕ್ಲಬ್ಬುಗಳಿವೆ, ಆದರೆ ಊರಿನ ಜನ ಬಂದು ಕೂಗುವುದು ಹೈಸ್ಕೂಲಿನ ತಂಡಕ್ಕೆ. ದೇಶದಲ್ಲಿ ಸುಮಾರು 80 ಲಕ್ಷ ಮಕ್ಕಳು ಹೈಸ್ಕೂಲ್ ತಂಡಗಳಲ್ಲಿ ಆಡುತ್ತಾರೆ. ವರ್ಷ ಮೂರು ಋತುವಾಗಿ ಒಡೆಯುತ್ತದೆ. ಆಗಸ್ಟ್‌ನಿಂದ ಫುಟ್‌ಬಾಲ್, ಹುಡುಗಿಯರ ವಾಲಿಬಾಲ್, ವಾಟರ್ ಪೋಲೊ, ಗುಡ್ಡಗಾಡು ಓಟ. ಚಳಿಗಾಲಕ್ಕೆ ಬಾಸ್ಕೆಟ್‌ಬಾಲ್, ಸಾಕರ್, ಕುಸ್ತಿ. ವಸಂತಕ್ಕೆ ಬೇಸ್‌ಬಾಲ್, ಈಜು, ಅಥ್ಲೆಟಿಕ್ಸ್. ಇಲ್ಲಿ ಫುಟ್‌ಬಾಲ್ ಅಂದರೆ ಹೆಲ್ಮೆಟ್ ಹಾಕಿ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಆಟ. ನಾವು ಫುಟ್‌ಬಾಲ್ ಅನ್ನುವುದನ್ನು ಅವರು ಸಾಕರ್ ಅನ್ನುತ್ತಾರೆ.

ಒಂದೇ ಆಟಕ್ಕೆ ಎರಡು ಮೂರು ತಂಡಗಳಿರುತ್ತವೆ. ಸ್ಕೂಲಿನ ಮೊದಲ ದರ್ಜೆಯ ತಂಡ "ವಾರ್ಸಿಟಿ". ಅದರ ಕೆಳಗಿನದು "ಜೆವಿ", ಅಂದರೆ ಜೂನಿಯರ್ ವಾರ್ಸಿಟಿ. ಹೊಸಬರು ಜೆವಿಯಲ್ಲಿ ಪಳಗಿ ಮೇಲೆ ಬರುತ್ತಾರೆ. ಪ್ಯಾಲಿಯ ತಂಡಗಳು ಮೊದಲು ಸಾಂಟಾ ಕ್ಲಾರಾ ವ್ಯಾಲಿ ಲೀಗಿನಲ್ಲಿ ಸುತ್ತಮುತ್ತಲಿನ ಊರುಗಳ ಸ್ಕೂಲುಗಳ ಜೊತೆ ಆಡುತ್ತವೆ. ಅಲ್ಲಿ ಗೆದ್ದರೆ ಸೆಂಟ್ರಲ್ ಕೋಸ್ಟ್ ವಿಭಾಗ, ಅದರಾಚೆ ರಾಜ್ಯ ಮಟ್ಟ. ಇಡೀ ವ್ಯವಸ್ಥೆಯನ್ನು ನಡೆಸುವುದು 1914ರಲ್ಲಿ ಹುಟ್ಟಿದ ಸಿಐಎಫ್ ಅನ್ನುವ ಒಕ್ಕೂಟ. ಅದು ರಾಜ್ಯವನ್ನು 10 ವಿಭಾಗ ಮಾಡಿಕೊಂಡಿದೆ.

ಸಿಐಎಫ್‌ನ ಎರಡು ನಿಯಮ ಹೇಳಲೇಬೇಕು. ಒಂದು, ಓದಿನಲ್ಲಿ 4ಕ್ಕೆ ಸರಾಸರಿ 2 ಅಂಕವಾದರೂ ಇರಬೇಕು. ಇಲ್ಲದಿದ್ದರೆ ಎಷ್ಟೇ ದೊಡ್ಡ ಆಟಗಾರನಾದರೂ ಬೆಂಚೇ ಗತಿ. ಎರಡು, ಆಟಕ್ಕೋಸ್ಕರ ಸ್ಕೂಲು ಬದಲಿಸುವಂತಿಲ್ಲ. ಮನೆ ಬದಲಿಸದೆ ಬೇರೆ ಸ್ಕೂಲಿಗೆ ಹೋದವರು ಸಾಮಾನ್ಯವಾಗಿ ಸ್ವಲ್ಪ ಕಾಲ ವಾರ್ಸಿಟಿಯಲ್ಲಿ ಆಡದೆ ಕೂರಬೇಕು. ಗೆರೆ ಮತ್ತೆ ಬಂತು ನೋಡಿ. ಹಾಗಾಗಿಯೇ ಪಬ್ಲಿಕ್ ಸ್ಕೂಲಿನ ತಂಡವೆಂದರೆ ಬಹುಮಟ್ಟಿಗೆ ಆಯಾ ಊರಿನಲ್ಲೇ ಬೆಳೆದ ಮಕ್ಕಳು. ಖಾಸಗಿ ಸ್ಕೂಲುಗಳಿಗೆ ಇಂಥ ಬೀದಿ ಲೆಕ್ಕ ಇಲ್ಲ. ದೂರದ ಊರುಗಳಿಂದಲೂ ಒಳ್ಳೆಯ ಆಟಗಾರರು ಅಲ್ಲಿಗೆ ಸೇರಬಹುದು.

ಇದು ಗೊತ್ತಿದ್ದರೆ 2006ರ ಮಾರ್ಚಿನ ಆ ಪಂದ್ಯದ ಬೆಲೆ ಗೊತ್ತಾಗುತ್ತದೆ. ಸ್ಯಾಕ್ರಮೆಂಟೊದಲ್ಲಿ ಬಾಸ್ಕೆಟ್‌ಬಾಲ್ ಡಿವಿಷನ್ 2ರ ರಾಜ್ಯ ಫೈನಲ್. ಒಂದು ಕಡೆ ದಕ್ಷಿಣ ಕ್ಯಾಲಿಫೋರ್ನಿಯಾದ ಖಾಸಗಿ ಕ್ಯಾಥೊಲಿಕ್ ಸ್ಕೂಲು ಮೇಟರ್ ಡೇ. ಇಡೀ ದೇಶದಲ್ಲೇ ಹೆಸರಾದ ತಂಡ ಅದು. ಇನ್ನೊಂದು ಕಡೆ ಪ್ಯಾಲಿ. ಪ್ಯಾಲಿಯ ನಾಯಕ ತೈವಾನಿನಿಂದ ಬಂದ ದಂಪತಿಯ ಮಗ ಜೆರೆಮಿ ಲಿನ್. ಪ್ಯಾಲಿ 51, ಮೇಟರ್ ಡೇ 47. ಆ ವರ್ಷ ಪ್ಯಾಲಿ 32 ಪಂದ್ಯ ಗೆದ್ದು ಒಂದೇ ಒಂದನ್ನು ಸೋತಿತು.

ಮುಂದೆ ನಡೆದದ್ದು ಇನ್ನೂ ಸ್ವಾರಸ್ಯ. ಅಮೆರಿಕದ ಕಾಲೇಜುಗಳು ಒಳ್ಳೆಯ ಆಟಗಾರರಿಗೆ ಫೀಸು, ಊಟ, ವಸತಿ ಎಲ್ಲ ಸೇರಿಸಿ ಸ್ಕಾಲರ್‌ಶಿಪ್ ಕೊಡುತ್ತವೆ. ರಾಜ್ಯ ಚಾಂಪಿಯನ್ ತಂಡದ ನಾಯಕನಿಗೆ ಮೇಲಿನ ದರ್ಜೆಯ ಒಂದೇ ಒಂದು ಕಾಲೇಜೂ ಸ್ಕಾಲರ್‌ಶಿಪ್ ಕೊಡಲಿಲ್ಲ. ಎಲ್ ಕಮೀನೊ ರಿಯಲ್ ದಾಟಿದರೆ ಸಿಗುವ ಸ್ಟ್ಯಾನ್‌ಫರ್ಡ್ ಕೂಡ "ಬೇಕಾದರೆ ವಾಕ್-ಆನ್ ಆಗಿ ಬಾ" ಅಂದಿತು. ಅಂದರೆ ಸ್ಕಾಲರ್‌ಶಿಪ್ ಇಲ್ಲದೆ ಬಂದು ತಂಡದಲ್ಲಿ ಜಾಗ ಗಿಟ್ಟಿಸಿಕೋ ಅಂತ. ತಂಡದಲ್ಲಿ ಜಾಗ ಖಾತ್ರಿ ಮಾಡಿದ್ದು ಹಾರ್ವರ್ಡ್ ಮತ್ತು ಬ್ರೌನ್ ಮಾತ್ರ. ಇವೆರಡೂ ಇರುವ ಐವಿ ಲೀಗಿನಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಕೊಡುವ ಪದ್ಧತಿಯೇ ಇಲ್ಲ. ಲಿನ್ ಹಾರ್ವರ್ಡಿಗೆ ಹೋದರು. ಎನ್‌ಬಿಎ, ಅಂದರೆ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗಿನ 2010ರ ಆಯ್ಕೆಯಲ್ಲೂ ಯಾವ ತಂಡವೂ ಅವರ ಹೆಸರು ಕೂಗಲಿಲ್ಲ. 2012ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ನಿಕ್ಸ್ ತಂಡದಲ್ಲಿ ಅವಕಾಶ ಸಿಕ್ಕಿದ್ದೇ ತಡ, ಸಾಲಾಗಿ ಪಂದ್ಯ ಗೆಲ್ಲಿಸಿದರು. ಲೇಕರ್ಸ್ ವಿರುದ್ಧ ಒಂದೇ ರಾತ್ರಿ 38 ಪಾಯಿಂಟು. ಆ ಕೆಲವು ವಾರಗಳ ಹುಚ್ಚಿಗೆ ಜನ "ಲಿನ್‌ಸ್ಯಾನಿಟಿ" ಅಂತಲೇ ಹೆಸರಿಟ್ಟರು. 2019ರಲ್ಲಿ ಟೊರಾಂಟೊ ರ‍್ಯಾಪ್ಟರ್ಸ್ ಜೊತೆ ಎನ್‌ಬಿಎ ಪ್ರಶಸ್ತಿಯನ್ನೂ ಗೆದ್ದರು. ಏಷ್ಯಾ ಮೂಲದ ಹುಡುಗ ಬಾಸ್ಕೆಟ್‌ಬಾಲ್ ಆಡುತ್ತಾನೆ ಅಂತ ಕಾಲೇಜುಗಳ ಕೋಚುಗಳಿಗೆ ಅನ್ನಿಸಲೇ ಇಲ್ಲವಲ್ಲ, ಅದು ನೋವಿನ ಸಂಗತಿ. ಅವನನ್ನು ಬೆಳೆಸಿದ ಊರಿನ ಸ್ಕೂಲಿಗೆ ಮಾತ್ರ ಆ ಅನುಮಾನ ಇರಲಿಲ್ಲ.

ಪ್ಯಾಲಿಯ ಇನ್ನೊಂದು ದೊಡ್ಡ ವರ್ಷ 2010. ಆ ಡಿಸೆಂಬರಿನಲ್ಲಿ ಹುಡುಗಿಯರ ವಾಲಿಬಾಲ್ ತಂಡ ರಾಜ್ಯ ಚಾಂಪಿಯನ್ ಆಯಿತು. ಅದೇ ತಿಂಗಳು ಫುಟ್‌ಬಾಲ್ ತಂಡ ಲಾಸ್ ಏಂಜಲಿಸ್ ಬಳಿಯ ಕಾರ್ಸನ್‌ನಲ್ಲಿ ಕೊರೊನಾ ಊರಿನ ಸೆಂಟೆನಿಯಲ್ ಹೈಸ್ಕೂಲನ್ನು 15-13ರಿಂದ ಸೋಲಿಸಿ, 14ಕ್ಕೆ 14 ಪಂದ್ಯವನ್ನೂ ಗೆದ್ದು ಮುಗಿಸಿತು. ಆ ತಂಡದಲ್ಲಿ ಚೆಂಡು ಹಿಡಿಯುತ್ತಿದ್ದ ಹುಡುಗ ಡೆವಾಂಟೆ ಆಡಮ್ಸ್. ಬೆಳೆದದ್ದು ಹೆದ್ದಾರಿಯ ಆಚೆ, ಈಸ್ಟ್ ಪ್ಯಾಲೊ ಆಲ್ಟೊದಲ್ಲಿ. ಮುಂದೆ ಫ್ರೆಸ್ನೊ ಸ್ಟೇಟ್ ಕಾಲೇಜಿನಲ್ಲಿ ಆಡಿ, 2014ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ಸೇರಿ, ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ತನ್ನ ಕಾಲದ ಅತ್ಯುತ್ತಮ ರಿಸೀವರ್‌ಗಳಲ್ಲಿ ಒಬ್ಬರಾದರು. ಆ ತಂಡಕ್ಕಿಂತ ಒಂದು ವರ್ಷ ಮುಂಚೆ, 2009ರಲ್ಲಿ, ಪ್ಯಾಲಿಯಲ್ಲಿ ಫುಟ್‌ಬಾಲ್ ಆಡಿ, ವಸಂತದಲ್ಲಿ ಬೇಸ್‌ಬಾಲ್ ಆಡುತ್ತಿದ್ದ ಜಾಕ್ ಪೀಡರ್ಸನ್ ಬೇಸ್‌ಬಾಲನ್ನೇ ಹಿಡಿದರು. 2020ರಲ್ಲಿ ಡಾಡ್ಜರ್ಸ್, 2021ರಲ್ಲಿ ಬ್ರೇವ್ಸ್, ಎರಡು ಬೇರೆ ತಂಡಗಳ ಜೊತೆ ಬೇಸ್‌ಬಾಲಿನ ಅತಿ ದೊಡ್ಡ ಪ್ರಶಸ್ತಿಯಾದ ವರ್ಲ್ಡ್ ಸೀರೀಸನ್ನು ಸತತ ಎರಡು ಸಲ ಗೆದ್ದರು.

ಹುಡುಗಿಯರ ವಾಲಿಬಾಲ್ ಅಂದೆನಲ್ಲ, ಅದರ ಹಿಂದೆಯೂ ಒಂದು ಕಾನೂನಿದೆ. 1972ರ "ಟೈಟಲ್ 9". ಸರ್ಕಾರದ ಹಣ ಪಡೆಯುವ ಶಾಲೆ ಕಾಲೇಜು ಹೆಣ್ಣು ಗಂಡು ಅಂತ ಭೇದ ಮಾಡಬಾರದು ಅಂತ ಅದು ಹೇಳಿತು. ಆಟವೂ ಅದರೊಳಗೆ ಬಂತು. ಅದಕ್ಕೆ ಮುಂಚೆ ದೇಶದ ಹೈಸ್ಕೂಲ್ ತಂಡಗಳಲ್ಲಿ 3 ಲಕ್ಷ ಹುಡುಗಿಯರೂ ಇರಲಿಲ್ಲ. ಈಗ 34 ಲಕ್ಷ ದಾಟಿದ್ದಾರೆ. ಪ್ಯಾಲಿಯ ಹುಡುಗಿಯರು 2011ರಲ್ಲೂ ರಾಜ್ಯ ಪ್ರಶಸ್ತಿ ಉಳಿಸಿಕೊಂಡರು.

ಹಳೆಯ ವಿದ್ಯಾರ್ಥಿಗಳಲ್ಲಿ ಆಟದವರಷ್ಟೇ ಅಲ್ಲ. ಪಟ್ಟಿ ಓದುವಾಗ ಅಪ್ಪ ಅಮ್ಮ ಏನು ಮಾಡುತ್ತಿದ್ದರು ಅಂತ ನೋಡಿ, ಗೆರೆ ಅಲ್ಲೂ ಕಾಣುತ್ತದೆ. ಫುಟ್‌ಬಾಲ್ ಕೋಚ್ ಜಿಮ್ ಹಾರ್ಬೊ 1982ರಲ್ಲಿ ಪ್ಯಾಲಿ ಮುಗಿಸಿದರು, ಯಾಕೆಂದರೆ ಆಗ ಅವರ ಅಪ್ಪ ಸ್ಟ್ಯಾನ್‌ಫರ್ಡ್ ತಂಡದ ಕೋಚಿಂಗ್ ಬಳಗದಲ್ಲಿದ್ದರು. ಮುಂದೆ ಜಿಮ್ ಸ್ವತಃ ಸ್ಟ್ಯಾನ್‌ಫರ್ಡಿನ ಮುಖ್ಯ ಕೋಚಾಗಿ ಅದೇ ರಸ್ತೆಗೆ ವಾಪಸ್ ಬಂದರು. ಅಮೆರಿಕದ ಸೆನೆಟರ್ ರಾನ್ ವೈಡನ್ ಪ್ಯಾಲಿಯಲ್ಲಿ ಬಾಸ್ಕೆಟ್‌ಬಾಲ್ ಆಡಿ, ಅದರ ಸ್ಕಾಲರ್‌ಶಿಪ್ಪಿನ ಮೇಲೆಯೇ ಕಾಲೇಜಿಗೆ ಹೋದವರು. ನಟ ಜೇಮ್ಸ್ ಫ್ರಾಂಕೊ ಕೂಡ ಇಲ್ಲಿಯವರೇ.

ಇವರೆಲ್ಲರಿಗಿಂತ ನನಗೆ ಹತ್ತಿರವಾದವರು ಹಾಡುಗಾರ್ತಿ ಜೋನ್ ಬಾಯೆಜ್. 1958ರಲ್ಲಿ ಪ್ಯಾಲಿ ಮುಗಿಸಿದರು. ಅಪ್ಪ ಭೌತವಿಜ್ಞಾನಿ, ಸ್ಟ್ಯಾನ್‌ಫರ್ಡಿನಲ್ಲಿ ಕೆಲಸ. ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ಶೀತಲ ಸಮರದ ಕಾಲ ಅದು. ಅಣುಬಾಂಬು ಬಿದ್ದರೆ ಏನು ಮಾಡಬೇಕು ಅಂತ ಶಾಲೆಗಳಲ್ಲಿ ಅಭ್ಯಾಸ ಮಾಡಿಸುತ್ತಿದ್ದರು. ಪ್ಯಾಲಿಯ ಮಕ್ಕಳು ಗಂಟೆ ಹೊಡೆದ ತಕ್ಷಣ ಮನೆಗೆ ಹೋಗಬೇಕಿತ್ತು. ಜೋನ್ ಅಪ್ಪನ ಪುಸ್ತಕ ತೆಗೆದು ಲೆಕ್ಕ ನೋಡಿದರು. ಕ್ಷಿಪಣಿ ಬರುವಷ್ಟರಲ್ಲಿ ಮನೆ ಮುಟ್ಟುವುದು ಸಾಧ್ಯವೇ ಇರಲಿಲ್ಲ. ಈ ಅಭ್ಯಾಸ ಸುಮ್ನೆ ಜನರನ್ನು ನಂಬಿಸುವುದಕ್ಕೆ ಅಂದುಕೊಂಡು, ಗಂಟೆ ಹೊಡೆದಾಗ ಕ್ಲಾಸಿನಲ್ಲೇ ಕೂತರು. ಏಳು ಅಂದರೂ ಏಳಲಿಲ್ಲ. ಮುಂದೆ ಮಾರ್ಟಿನ್ ಲೂಥರ್ ಕಿಂಗ್ ಜೊತೆ ನಡೆದ, ವಿಯೆಟ್ನಾಂ ಯುದ್ಧ ವಿರೋಧಿಸಿ ಜೈಲಿಗೆ ಹೋದ ಹೆಣ್ಣುಮಗಳ ಮೊದಲ ಸತ್ಯಾಗ್ರಹ ಹೈಸ್ಕೂಲಿನ ಬೆಂಚಿನ ಮೇಲೆ ನಡೆಯಿತು.

ಮಕ್ಕಳು ಮಾತಾಡುವುದಕ್ಕೆ ಆ ಸ್ಕೂಲಿನಲ್ಲಿ ಇವತ್ತೂ ಜಾಗ ಇದೆ. ಅಲ್ಲಿನ ಪತ್ರಿಕೆ "ಕ್ಯಾಂಪನೀಲಿ"ಯ ಜೊತೆ ಇನ್ನೂ ಹಲವು ಪತ್ರಿಕೆಗಳನ್ನು ಮಕ್ಕಳೇ ತರುತ್ತಾರೆ. ಇದಕ್ಕೇ ಅಂತ 2014ರಲ್ಲಿ ದೊಡ್ಡ ಕಟ್ಟಡ ಎದ್ದಿತು. ಕ್ಯಾಲಿಫೋರ್ನಿಯಾದ 1977ರ ಕಾನೂನಿನ ಪ್ರಕಾರ ಮಾನಹಾನಿ, ಅಶ್ಲೀಲತೆ, ದೊಂಬಿ ಎಬ್ಬಿಸುವ ಬರಹ ಬಿಟ್ಟರೆ ಮಿಕ್ಕಿದ್ದಕ್ಕೆ ಹೆಡ್‌ಮಾಸ್ಟರು ಕತ್ತರಿ ಹಾಕುವಂತಿಲ್ಲ.

ಇಷ್ಟು ಹೇಳಿ ಒಂದನ್ನು ಬಿಟ್ಟರೆ ಸರಿಯಾಗುವುದಿಲ್ಲ. ಅಷ್ಟು ದುಡ್ಡು ಕೊಟ್ಟು ಗೆರೆಯೊಳಗೆ ಬಂದವರ ನಿರೀಕ್ಷೆಯ ಭಾರ ಮಕ್ಕಳ ಮೇಲೆ ಬೀಳುತ್ತದೆ. ಪ್ಯಾಲೊ ಆಲ್ಟೊದಲ್ಲಿ 2009ರ ಸುಮಾರಿಗೆ, ಮತ್ತೆ 2014-15ರಲ್ಲಿ, ಹಲವು ಹದಿಹರೆಯದ ಮಕ್ಕಳು ತಾವಾಗಿ ಜೀವ ಕಳೆದುಕೊಂಡರು. ಇಂಥ ಸಾವಿಗೆ ಕಾರಣ ಒಂದೇ ಇರುವುದಿಲ್ಲ. ಆದರೆ ಊರು ನಡುಗಿತು, 2016ರಲ್ಲಿ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರವೇ ಅಧ್ಯಯನಕ್ಕೆ ಬಂತು. ಶಾಲೆಗಳು ಆಪ್ತ ಸಲಹೆ ಹೆಚ್ಚಿಸಿದವು. ಮಕ್ಕಳಿಗೆ ನಿದ್ದೆ ಸಾಲುತ್ತಿಲ್ಲ ಅನ್ನುವ ಮಾತು ಇಡೀ ರಾಜ್ಯದಲ್ಲಿ ಗಟ್ಟಿಯಾಯಿತು. 2019ರಲ್ಲಿ ಸಹಿ ಬಿದ್ದ ಕಾನೂನಿನಂತೆ 2022ರ ಜುಲೈನಿಂದ ಕ್ಯಾಲಿಫೋರ್ನಿಯಾದ ಬಹುತೇಕ ಹೈಸ್ಕೂಲುಗಳು ಬೆಳಗ್ಗೆ ಎಂಟೂವರೆಗೆ ಮುಂಚೆ ಶುರುವಾಗುವಂತಿಲ್ಲ. ಅಲ್ಲಿಗೆ ಹೋಗುವ ನಮ್ಮ ತಂದೆ ತಾಯಂದಿರು ಸ್ಕೂಲಿನ ರ‍್ಯಾಂಕು ಕೇಳುವಷ್ಟೇ ಆಸಕ್ತಿಯಿಂದ ಅಲ್ಲಿನ ಆಪ್ತ ಸಲಹೆಗಾರರ ಬಗ್ಗೆಯೂ ಕೇಳಲಿ ಅಂತ ನನ್ನ ಆಸೆ.

ಕೊನೆಗೆ, ಹೋಗುವವರಿಗೆ ಕೆಲಸಕ್ಕೆ ಬರುವ ಮಾತು. ಗೆರೆಯೊಳಗೆ ಮನೆ ಕೊಳ್ಳಲೇಬೇಕು ಅಂತಿಲ್ಲ. ಬಾಡಿಗೆಗೆ ಇದ್ದರೂ ಮಗುವಿಗೆ ಅದೇ ಹಕ್ಕು. ಬಾಡಿಗೆ ಕರಾರು, ಕರೆಂಟ್ ಬಿಲ್ಲಿನಂಥ ವಿಳಾಸದ ದಾಖಲೆ, ಮಗುವಿನ ವಯಸ್ಸಿನ ದಾಖಲೆ, ಲಸಿಕೆ ಹಾಕಿಸಿದ ಕಾರ್ಡು ಬೇಕಾಗುತ್ತದೆ. ವೀಸಾ ಯಾವುದು ಅಂತ ಸ್ಕೂಲು ನೋಡುವುದಿಲ್ಲ. ಕಾಗದಪತ್ರ ಇಲ್ಲದ ವಲಸಿಗರ ಮಕ್ಕಳಿಗೂ ಶಾಲೆಯ ಬಾಗಿಲು ಮುಚ್ಚುವಂತಿಲ್ಲ ಅಂತ ದೇಶದ ಸುಪ್ರೀಂ ಕೋರ್ಟು 1982ರಲ್ಲೇ ಹೇಳಿದೆ. ಒಂದೇ ಬೀದಿಯ ಎರಡು ಬದಿ ಎರಡು ಸ್ಕೂಲಿಗೆ ಸೇರಿರುವುದೂ ಉಂಟು, ಹಾಗಾಗಿ ಕರಾರಿಗೆ ಸಹಿ ಹಾಕುವ ಮೊದಲು ಮನೆ ನಂಬರನ್ನು ಡಿಸ್ಟ್ರಿಕ್ಟಿನ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಮಗುವಿಗೆ ಆಟದ ತಂಡ ಸೇರುವ ಆಸೆ ಇದ್ದರೆ ಡಾಕ್ಟರ ಹತ್ತಿರ ದೇಹ ತಪಾಸಣೆ ಮಾಡಿಸಿದ ಫಾರ್ಮೂ ಜೊತೆಗಿರಲಿ. ಶರತ್ಕಾಲದ ತಂಡಗಳ ಆಯ್ಕೆ ತರಗತಿ ಶುರುವಾಗುವ ಮೊದಲೇ ನಡೆದುಬಿಡುತ್ತದೆ.